ನೋಡದೆ ಬರೆದ ನೂರ ಇಪ್ಪತ್ತು

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಐಮಂಗಲದಲ್ಲಿ ಬಸ್ಸಿಳಿದು ಒಳಗೆ ಎರಡು ಮೈಲಿ ನಡೆದರೆ ಸಿಗುವ ಕುರಿಗಾಹಿಗಳ ಹಟ್ಟಿಯೊಂದರಲ್ಲಿ, ಎಂಟು ತಿಂಗಳು ತುಂಬಿದ ಬಸುರಿಯೊಬ್ಬಳ ರಕ್ತದೊತ್ತಡವನ್ನು ನಾನು ನೋಡದೆಯೇ ಪುಸ್ತಕದಲ್ಲಿ ಬರೆದೆ. ನೂರ ಇಪ್ಪತ್ತು, ಎಂಬತ್ತು ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು. ಆ ಪುಟವನ್ನು ಆಮೇಲೆ ನಾನು ಎಷ್ಟು ಸಲ ನೋಡಿದ್ದೇನೆಂದರೆ, ಶಾಯಿ ಎಲ್ಲಿ ಸ್ವಲ್ಪ ದಪ್ಪವಾಗಿತ್ತು ಎಂಬುದೂ ನೆನಪಿದೆ.

ಏಕೆ ಹಾಗೆ ಮಾಡಿದೆ ಎಂದು ಹೇಳುವ ಮೊದಲು, ಆ ಪುಸ್ತಕ ಯಾವುದು ಎಂದು ಹೇಳಬೇಕು.

ನಾನಾಗ ಹೊಸದುರ್ಗದ ಕಡೆಯಿಂದ ಬಂದ, ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿದ್ದ ನರ್ಸು. ಚಿತ್ರದುರ್ಗದಲ್ಲಿ ಆರು ಜನ ನರ್ಸುಗಳಿಗೆ ಆರು ತಿಂಗಳ ಹೊಸ ತರಬೇತಿ ಶುರುವಾಗಿತ್ತು. ಅದನ್ನು ಹಟ ಹಿಡಿದು ಶುರು ಮಾಡಿಸಿದವರು ಒಬ್ಬ ಟ್ಯೂಟರ್. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು, ಹಳ್ಳಿಯವರು ದೊಡ್ಡ ನರ್ಸಮ್ಮ ಎನ್ನುತ್ತಿದ್ದರು. ನಲವತ್ತು ದಾಟಿದ, ತೆಳ್ಳಗಿನ, ಬೇಗ ನಡೆಯುವ ಹೆಂಗಸು. ರಾಮಗಿರಿಯವರು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಓದಿ, ಅಲ್ಲೇ ಉಳಿಯಬಹುದಾಗಿದ್ದರೂ ಜಿಲ್ಲೆಗೆ ವಾಪಸಾಗಿದ್ದರು.

ನರ್ಸುಗಳಿಗೆ ಅವರು ಕಲಿಸಬೇಕೆಂದಿದ್ದುದು ಒಂದೇ ಮಾತು: ಕಣ್ಣೆದುರಿನ ರೋಗಿಯನ್ನು ನೀನೇ ಪರೀಕ್ಷೆ ಮಾಡು, ಏನಾಗಿದೆ ಎಂದು ನೀನೇ ಯೋಚಿಸು, ಜೀವ ಉಳಿಸುವ ಮೊದಲ ಕೆಲಸವನ್ನು ನೀನೇ ಮಾಡು. ಈಗ ಕೇಳಿದರೆ ಇದರಲ್ಲೇನಿದೆ ಅನ್ನಿಸುತ್ತದೆ. ಆಗ ನಾವು ಡಾಕ್ಟರು ಬರೆದುಕೊಡದೆ ಒಂದು ಸೂಜಿಯನ್ನೂ ಚುಚ್ಚುವಂತಿರಲಿಲ್ಲ. ರೋಗಿ ಕಣ್ಣು ಮೇಲೆ ಮಾಡಿದರೂ ‘ಡಾಕ್ಟರಿಗೆ ತಿಳಿಸಲಾಗಿದೆ’ ಎಂದು ಬರೆದು ಬಾಗಿಲು ನೋಡುತ್ತ ನಿಲ್ಲಬೇಕಿತ್ತು. ಹಳ್ಳಿಗಳಲ್ಲಂತೂ ತಿಳಿಸುವುದಕ್ಕೂ ಡಾಕ್ಟರು ಇರುತ್ತಿರಲಿಲ್ಲ.

ಮೇಡಂ ನಮಗೆ ಕೊಟ್ಟ ಪುಸ್ತಕದ ಪ್ರತಿ ಪುಟದಲ್ಲೂ ಉದ್ದ ಗೆರೆ ಎಳೆದು ಮಾಡಿದ ಮೂರು ಕಾಲಂ, ನಮ್ಮ ಮಾತಲ್ಲಿ ಮೂರು ಕಂಬ, ಇದ್ದವು. ಕಂಡದ್ದು, ಅನಿಸಿದ್ದು, ಮಾಡಿದ್ದು. ನಡುವಿನ ಕಂಬದ ಮೇಲೆ ಜಗಳವಿತ್ತು. ಜಿಲ್ಲೆಯ ವೈದ್ಯಾಧಿಕಾರಿಗಳು ತರಬೇತಿಯ ಮೊದಲ ದಿನ ಬಂದವರು ಪುಸ್ತಕ ತಿರುವಿ ನಕ್ಕಿದ್ದರು.

“ಏನ್ ಸಿಸ್ಟರ್ ಇದು, ಅನಿಸಿದ್ದು? ನರ್ಸ್ ಕೈಗೆ ಸೂಜಿ ಕೊಟ್ಟಿದ್ದೀವಿ, ಈಗ ತಲೆನೂ ಕೊಡಬೇಕಾ?”

“ತಲೆ ದೇವ್ರು ಹುಟ್ಟಿದಾಗ್ಲೇ ಕೊಟ್ಟವ್ನೆ ಸಾರ್,” ಎಂದರು ಮೇಡಂ. “ಉಪಯೋಗಿಸ್ಕಳಾಕೆ ನೀವು ಬಿಡಬೇಕು ಅಷ್ಟೆ.”

ನಾವು ಆರೂ ಜನ ನೆಲ ನೋಡಿದೆವು. ಅಧಿಕಾರಿಗಳು ಸಿಟ್ಟಾಗಲಿಲ್ಲ. ಕೊನೆಗೆ ನಿಮ್ಮ ಪುಸ್ತಕಗಳನ್ನು ನಾನೇ ಕೂತು ಓದುತ್ತೇನೆ, ಅದರಲ್ಲಿ ತಲೆ ಕಂಡರೆ ಡಾಕ್ಟರಿಲ್ಲದ ಕಡೆ ಮೊದಲ ಚಿಕಿತ್ಸೆ ಕೊಡಲು ನರ್ಸುಗಳಿಗೆ ಅನುಮತಿ ಬರೆಯುತ್ತೇನೆ, ಕಾಣದಿದ್ದರೆ ತರಬೇತಿ ಇಲ್ಲಿಗೇ ಮುಗಿಯಿತು ಎಂದು ಹೇಳಿ ಹೋದರು. ಮೇಡಂ ಹದಿನೈದು ವರ್ಷ ಓಡಾಡಿ ಗಳಿಸಿದ ಒಂದೇ ಅವಕಾಶ ಅದು. ಅದೆಲ್ಲ ನಮ್ಮ ಆರು ಪುಸ್ತಕಗಳ ಮೇಲೆ ನಿಂತಿತ್ತು.

ಅವರ ಪಾಠಗಳಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಬಳೆಯ ಪಾಠ. ಅವರ ತಾಯಿ ಬಳೆ ಮಾರುತ್ತಿದ್ದವರು. ಬೆನ್ನ ಮೇಲೆ ಬಳೆಯ ಮಲಾರ ಹೊತ್ತು ಹೊಳಲ್ಕೆರೆಯ ಸುತ್ತಲ ಹಳ್ಳಿಗಳನ್ನು ತಿರುಗುತ್ತಿದ್ದರಂತೆ.

“ನಮ್ಮವ್ವ ಓದಿದೋಳಲ್ಲ,” ಎಂದಿದ್ದರು ಮೇಡಂ. “ಕೈ ಹಿಡಿದ್ರೆ ಸಾಕು, ಈ ಹುಡುಗಿಗೆ ರಕ್ತ ಇಲ್ಲ, ಈ ಹುಡುಗಿ ಕೈಯಾಗೆ ನೀರು ನಿಂತೈತೆ ಅಂತ ಹೇಳೋಳು. ಸೀಮಂತದಾಗೆ ತೊಡಿಸಿದ ಬಳೆ ತಿಂಗಳು ತುಂಬೋ ಹೊತ್ತಿಗೂ ಸಲೀಸಾಗಿ ತಿರುಗಬೇಕು. ತಿರುಗ್ಲಿಲ್ಲ ಅಂದ್ರೆ ಬಿ.ಪಿ. ಪೆಟ್ಟಿಗೆ ತೆಗೀರಿ. ಆಮೇಲೆ ನೋಡಾಣ ಅನ್ನಬೇಡ್ರಿ.”

ನಾನು ಇದನ್ನು ಬರೆದುಕೊಂಡಿದ್ದೆ. ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಈಗ ಆ ಹಟ್ಟಿಯ ದಿನಕ್ಕೆ ಬರುತ್ತೇನೆ. ನಾನೊಬ್ಬಳೇ ಹೋಗಿದ್ದೆ. ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ. ಚೊಚ್ಚಲು. ತಿಂಗಳ ಹಿಂದೆ ಸೀಮಂತವಾಗಿತ್ತು, ಎರಡೂ ಕೈತುಂಬ ಹಸಿರು ಬಳೆ. ಸೀಮಂತಕ್ಕೆ ಹೊಲಿಸಿದ ರವಿಕೆಯ ತೋಳು ಬಹಳ ಬಿಗಿಯಿತ್ತು. ರಕ್ತದೊತ್ತಡ ನೋಡಬೇಕಾದರೆ ತೋಳಿಗೆ ಪಟ್ಟಿ ಸುತ್ತಬೇಕು, ತೋಳು ಮೇಲೆ ಸರಿಯದಿದ್ದರೆ ರವಿಕೆ ಬಿಚ್ಚಿಸಬೇಕು. ಬಾಗಿಲ ಹೊರಗೆ ಅವಳ ಮಾವನೂ ಇನ್ನಿಬ್ಬರು ಗಂಡಸರೂ ಉಣ್ಣೆ ಬಿಡಿಸುತ್ತ ಕೂತಿದ್ದರು. ಹುಡುಗಿ ಬೇಡ ಎಂದು ತಲೆ ಅಲ್ಲಾಡಿಸಿದಳು.

ಅವಳ ಅತ್ತೆ ಸೊಸೆಯ ಕೈ ಎತ್ತಿ ನನಗೆ ತೋರಿಸಿದಳು. “ನೋಡ್ರಿ ನರ್ಸಮ್ಮ, ಬಂದಾಗ ಕಡ್ಡಿ ಇದ್ದಂಗಿದ್ಲು. ಈಗ ಬಳೆ ತಿರುಗಾಕಿಲ್ಲ! ನಮ್ಮನೆ ಹಾಲು ಕುಡಿದು ಹೆಂಗೆ ತುಂಬ್ಕೊಂಡವ್ಳೆ!”

ನಾನು ಆ ಕೈಯನ್ನು ನೋಡಿದೆ. ಬಳೆಗಳ ನಡುವೆ ಚರ್ಮ ಉಬ್ಬಿ ಹೊಳೆಯುತ್ತಿತ್ತು. ನಾನು ಹೇಳಿದ್ದು ಇದು: “ಹೌದು ಬಿಡಮ್ಮ, ಮೈ ತುಂಬ್ಕೊಂಡೈತೆ. ಒಳ್ಳೇದು.”

ನನ್ನ ಅಜ್ಜಿ ಹೀಗೇ ಹೇಳುತ್ತಿದ್ದಳು. ನನ್ನ ಅಕ್ಕ ಬಸುರಿಯಾಗಿದ್ದಾಗ ಬಂದವರೆಲ್ಲ ಅವಳ ಊದಿದ ಕೆನ್ನೆ ಸವರಿ ಹೀಗೇ ಹೇಳಿದ್ದರು. ಕಲಿತದ್ದು ಬಾಯಿಗೆ ಬರಲಿಲ್ಲ, ಕೇಳಿ ಬೆಳೆದದ್ದು ಬಂತು. ಪುಸ್ತಕದ ಹಿಂದಿನ ಪುಟದಲ್ಲಿ ತಿಂಗಳ ಹಿಂದೆ ನೋಡಿದ ಅಂಕಿ ಇತ್ತು, ಸರಿಯಾಗೇ ಇತ್ತು. ಅದರ ಹತ್ತಿರದ್ದೊಂದನ್ನು ಬರೆದೆ. ಮಜ್ಜಿಗೆ ಕೊಟ್ಟರು, ಕುಡಿದೆ. ಬಸ್ಸು ಸಿಕ್ಕಿತು.

ನಾಲ್ಕು ದಿನದ ಮೇಲೆ ಮೇಡಂ ನನ್ನ ಕೆಲಸ ನೋಡಲು ಜೊತೆಗೆ ಬಂದರು. ನಾವು ಹಟ್ಟಿ ಮುಟ್ಟಿದಾಗ ಬೆಳಗಿನ ಹತ್ತು ಗಂಟೆ. ಹುಡುಗಿ ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೆಳಗಿನಿಂದ ತಲೆನೋವು, ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗಾಗುತ್ತದೆ ಎಂದಳು.

ಮೇಡಂ ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದು, ಒಂದು ಬಳೆಯನ್ನು ಎರಡು ಬೆರಳಲ್ಲಿ ತಿರುಗಿಸಲು ನೋಡಿದರು. ಅದು ಕದಲಲಿಲ್ಲ. ನನ್ನ ಕಡೆ ತಿರುಗದೆಯೇ ಕೇಳಿದರು.

“ಹೋದ ಸಲ ಎಷ್ಟಿತ್ತು?”

“ನೂರ ಇಪ್ಪತ್ತು, ಎಂಬತ್ತು, ಮೇಡಂ.”

“ಕತ್ರಿ ಕೊಡು.”

ರವಿಕೆಯ ತೋಳನ್ನು ಉದ್ದಕ್ಕೆ ಕತ್ತರಿಸಿದರು. ಅತ್ತೆ “ಅಯ್ಯೋ, ಹೊಸಾ ರವಿಕೆ!” ಎಂದು ಕೂಗಿದಳು. ಮೇಡಂ ಪಟ್ಟಿ ಸುತ್ತಿ ಗಾಳಿ ಹಾಕಿದರು. ಪಾದರಸ ಏರಿತು, ಇಳಿಯಿತು. ಮತ್ತೊಮ್ಮೆ ನೋಡಿದರು. ನೂರ ಎಪ್ಪತ್ತೆಂಟು, ನೂರ ಹದಿನೆಂಟು.

“ನಾಲ್ಕು ದಿನದಾಗೆ ಇಷ್ಟು ಏರೈತೆ,” ಎಂದರು. ನನ್ನ ಅಂಕಿಯ ಮೇಲೆ ಅವರಿಗೆ ಒಂದು ಚೂರೂ ಅನುಮಾನ ಬರಲಿಲ್ಲ. ಎದೆಗೆ ತಾಗಿದ್ದು ಅದು. ಆಗಲೇ ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಹುಡುಗಿಗೆ ಫಿಟ್ಸ್ ಬಂತು.

ನೋಡಿದ್ದನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ. ಮೊದಲು ಕಣ್ಣು ಒಂದು ಕಡೆ ನಿಂತವು. ಬಾಯಿಯ ಮೂಲೆ ಅದುರಿತು. ಆಮೇಲೆ ಮೈಯೆಲ್ಲ ಕಟ್ಟಿಗೆಯಂತಾಯಿತು. ಮತ್ತೆ ಕೈಕಾಲು ಹೊಡೆದುಕೊಳ್ಳತೊಡಗಿದವು, ಬಳೆಗಳು ನೆಲಕ್ಕೆ ಬಡಿದು ಒಡೆದವು. ಆ ಸದ್ದಿಗೆ ಹೊರಗಿದ್ದ ಗಂಡಸರು ಒಳಗೆ ನುಗ್ಗಿದರು. ಅತ್ತೆ ಗಾಳಿ ಬಡಿದೈತೆ ಎನ್ನುತ್ತ ಕಬ್ಬಿಣದ ಬೀಗದ ಕೈ ತಂದು ಸೊಸೆಯ ಅಂಗೈಗೆ ಒತ್ತಿದಳು.

ಮೇಡಂ ಅದನ್ನು ಕಿತ್ತುಕೊಳ್ಳಲಿಲ್ಲ. “ಹಿಡ್ಕಳ್ರಿ ಅಜ್ಜಿ, ಬಿಡಬೇಡ್ರಿ. ಆದ್ರೆ ಮಗ್ಗುಲಿಗೇ ಮಲಗಿರ್ಲಿ, ಅಂಗಾತ ಆಗಬಾರ್ದು. ಬಾಯಿಗೆ ನೀರು ಹಾಕಬಾರ್ದು. ಗಂಡಸ್ರೆಲ್ಲ ಹೊರಗ್ ನಡೀರಿ, ಗಾಳಿ ಆಡ್ಲಿ.” ಅತ್ತೆ ಎರಡೂ ಕೈಯಲ್ಲಿ ಸೊಸೆಯ ಕೈ ಹಿಡಿದು ಕೂತಳು. ಆಮೇಲೆ ಅವಳು ಅಡ್ಡ ಬರಲಿಲ್ಲ.

ಮೇಡಂ ಚೀಲದಿಂದ ಫಿಟ್ಸ್ ನಿಲ್ಲಿಸುವ ಮದ್ದಿನ ಗಾಜಿನ ಸೀಸೆ ತೆಗೆದರು. ಅದನ್ನು ಡಾಕ್ಟರು ಹೇಳದೆ ಕೊಡುವಂತಿರಲಿಲ್ಲ. ಆ ಭಾಗದ ಡಾಕ್ಟರು ಜೀಪಿನ ಸಮೇತ ಸಂತಾನ ನಿಯಂತ್ರಣದ ಕ್ಯಾಂಪಿಗೆ ಹೋಗಿದ್ದರು. ಬರುವುದು ಸಂಜೆಗೆ.

“ಮೇಡಂ, ಆರ್ಡರ್…” ಎಂದೆ.

“ಗಡಿಯಾರ ನೋಡಿ ಟೈಮ್ ಬರಿ,” ಎಂದರು. ಸೂಜಿ ಚುಚ್ಚಿದರು. “ಕಂಡದ್ದು ಬರಿ. ಅನಿಸಿದ್ದು, ಬಸುರಿನ ನಂಜು ತಲೆಗೇರೈತೆ ಅಂತ ಬರಿ. ಮಾಡಿದ್ದು ಅನ್ನೋದ್ರಾಗೆ ಮದ್ದಿನ ಹೆಸ್ರು ಬರಿ. ಕೆಳಗೆ ನಾನು ಸೈನ್ ಹಾಕ್ತೀನಿ. ನೀನು ಹಾಕಬೇಡ.”

ಅವಳನ್ನು ಕಂಬಳಿಯಲ್ಲಿ ಹೊತ್ತು ಹೆದ್ದಾರಿಗೆ ತಂದರು. ಈರುಳ್ಳಿ ಲಾರಿಯೊಂದನ್ನು ಮಾವ ರಸ್ತೆಯ ನಡುವೆ ನಿಂತು ತಡೆದ. ಚೀಲಗಳ ಮೇಲೆ ಮಲಗಿಸಿ, ಮೇಡಂ ತಲೆಯ ಹತ್ತಿರ, ನಾನು ಕಾಲ ಹತ್ತಿರ ಕೂತೆವು. ಚಿತ್ರದುರ್ಗ ಮುಟ್ಟುವವರೆಗೆ ಮತ್ತೆ ಫಿಟ್ಸ್ ಬರಲಿಲ್ಲ. ಅಂದು ಮಧ್ಯಾಹ್ನವೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಅಂಗೈಯಗಲದ ಹೆಣ್ಣುಮಗು. ಅತ್ತಿತು. ತಾಯಿಗೆ ಎಚ್ಚರವಾದದ್ದು ಮರುದಿನ.

ಅಲ್ಲಿನ ಹೆರಿಗೆ ಡಾಕ್ಟರಮ್ಮ ಪುಸ್ತಕ ಓದಿ, ಹಟ್ಟಿಯಲ್ಲೇ ಸೂಜಿ ಕೊಡದಿದ್ದರೆ ಇವಳು ಲಾರಿ ಹತ್ತುವವರೆಗೂ ಬದುಕುತ್ತಿರಲಿಲ್ಲ ಎಂದರು. ಮೇಡಂ ಮುಖದಲ್ಲಿ ನಾನು ಅಂಥ ಬೆಳಕು ಕಂಡಿರಲಿಲ್ಲ. ವರಾಂಡದ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕ ಕೂತು, ಅಧಿಕಾರಿಗಳ ಮುಂದೆ ಈ ಪುಟವನ್ನೇ ಮೊದಲು ಇಡುತ್ತೇನೆ ಎಂದರು. “ನಾಲ್ಕು ದಿನದ ಹಿಂದೆ ನೆಟ್ಟಗಿತ್ತು, ನಾಲ್ಕು ದಿನದಾಗೆ ಏರಿತು, ನರ್ಸು ಹಿಡಿದ್ಲು. ಇದಕ್ಕಿಂತ ಇನ್ನೇನು ಬೇಕು ಹೇಳು?”

“ನಾನು ಅವತ್ತು ನೋಡಿರ್ಲಿಲ್ಲ ಮೇಡಂ,” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಬಿಗಿ ತೋಳು, ಹೊರಗಿನ ಗಂಡಸರು, ಬಳೆ ತಿರುಗದ್ದು, ನಾನು ಹೇಳಿದ ಮಾತು, ಮಜ್ಜಿಗೆ. ಒಂದನ್ನೂ ಬಿಡಲಿಲ್ಲ. ಅವರು ಪುಸ್ತಕ ತೆಗೆದು ಆ ಪುಟವನ್ನು ತಿರುವಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆ ಪುಟ ಹರಿದುಬಿಡ್ಲಾ ಮೇಡಂ? ನನ್ನನ್ನ ತರಬೇತಿಯಿಂದ ತೆಗೀರಿ. ಉಳಿದ ಐದು ಪುಸ್ತಕ ಅವೆ.”

“ಹರಿದ್ರೆ ಸುಳ್ಳು ಎರಡಾಗ್ತವೆ ಕಣಮ್ಮ,” ಎಂದರು. “ಪೆನ್ನು ತಗೋ. ಅದ್ರ ಕೆಳಗೇ ಬರಿ. ಇವತ್ತಿನ ತಾರೀಖು ಹಾಕು.”

ಬರೆದೆ. ‘ಈ ಅಂಕಿಯನ್ನು ನಾನು ನೋಡದೆ ಬರೆದಿದ್ದೇನೆ. ಕೈ ಊದಿದ್ದು ಕಂಡಿತ್ತು, ಬಳೆ ತಿರುಗುತ್ತಿರಲಿಲ್ಲ.’ ಕೆಳಗೆ ಸಹಿ ಹಾಕಿದೆ.

ಹತ್ತು ದಿನದ ಮೇಲೆ ಅಧಿಕಾರಿಗಳು ಬಂದರು. ಮೇಡಂ ಆರೂ ಪುಸ್ತಕ ಇಟ್ಟು, ನನ್ನದನ್ನು ಆ ಪುಟಕ್ಕೇ ತೆರೆದು ಮುಂದಿಟ್ಟರು. ಅವರು ಓದಿದರು. ಹಿಂದಿನ ಪುಟ, ಮುಂದಿನ ಪುಟ ಓದಿದರು.

“ಇದನ್ನ ನನಗ್ಯಾಕೆ ತೋರಿಸ್ತಿದ್ದೀರಿ ಸಿಸ್ಟರ್?”

“ನೀವು ಪುಸ್ತಕ ಓದ್ತೀನಿ ಅಂದ್ರಿ ಸಾರ್. ಪುಸ್ತಕದಾಗೆ ಇದೂ ಐತೆ.”

“ಇವರೊಬ್ಬರು ನೋಡದೆ ಬರೆದರು. ಉಳಿದ ಐವರು ನೋಡೇ ಬರೆದಿದ್ದಾರೆ ಅಂತ ನಾನು ಹೇಗೆ ನಂಬಲಿ?”

ಪ್ರಶ್ನೆ ಸರಿಯಾಗೇ ಇತ್ತು. ಮೇಡಂ ಅದಕ್ಕೆ ಉತ್ತರವನ್ನು ಆ ಹತ್ತು ದಿನದಲ್ಲಿ ಯೋಚಿಸಿಟ್ಟಿದ್ದರು ಎಂದು ಆಗ ತಿಳಿಯಿತು.

“ನಂಬಬೇಡ್ರಿ. ಇನ್ಮೇಲೆ ನಮ್ಮ ನರ್ಸುಗಳು ಅಂಕಿಯನ್ನ ಮೊದ್ಲು ಆ ಹೆಂಗಸಿಗೆ ಬಾಯಿಬಿಟ್ಟು ಹೇಳ್ತಾರೆ. ಅವಳ ಬಾಯಾಗೆ ಹೇಳಿಸ್ತಾರೆ. ಆಮೇಲೆ ಬರೀತಾರೆ. ಒಂದು ತಿಂಗಳು ಕೊಡ್ರಿ. ಯಾವತ್ತು ಬೇಕಾದ್ರೂ ಯಾವ ಹಳ್ಳಿಗೆ ಬೇಕಾದ್ರೂ ಹೋಗ್ರಿ, ಹೆಂಗಸರನ್ನೇ ಕೇಳ್ರಿ. ಪುಸ್ತಕದಾಗಿರೋದು ಒಂದು, ಅವರು ಹೇಳೋದು ಒಂದು ಆದ್ರೆ, ತರಬೇತಿಗೆ ನಾನೇ ಬೀಗ ಹಾಕ್ತೀನಿ.”

ರೋಗಿಗೆ ಅವಳ ಅಂಕಿಯನ್ನು ಹೇಳುವುದು ಆ ಕಾಲಕ್ಕೆ ಯಾರೂ ಮಾಡದ ಕೆಲಸ. ಅಧಿಕಾರಿಗಳು ಹುಬ್ಬೇರಿಸಿದರು. “ಯಾವ ಹಳ್ಳಿ ಅಂತ ನಾನು ಆರಿಸಬೇಕಾ? ಇವರು ಸುಳ್ಳು ಬರೆದರಲ್ಲ, ಆ ಹಟ್ಟಿಗೇ ಹೋಗ್ತೀನಿ.”

ಹೀಗಾಗಿ ಎಲ್ಲವೂ ಮತ್ತೆ ಆ ಹಟ್ಟಿಗೇ ಬಂದು ನಿಂತಿತು. ಮೇಡಂ ನನ್ನೊಬ್ಬಳನ್ನೇ ಕಳಿಸಿದರು. “ಮೊದ್ಲು ಅವ್ರಿಗೆ ಹೇಳಿ ಬಾ. ಅವ್ರಿಗೆ ಹೇಳ್ದೆ ಬೇರೆಯೋರಿಗೆಲ್ಲ ಹೇಳಿದ್ರೆ ಏನು ಬಂತು?”

ಹುಡುಗಿ ಮನೆಗೆ ಬಂದಿದ್ದಳು. ಮೈ ಇಳಿದಿತ್ತು. ಕಣ್ಣು ಇನ್ನೂ ಸ್ವಲ್ಪ ಮಂಜು ಎಂದಳು. ಫಿಟ್ಸಿನ ದಿನವಾಗಲಿ, ನಾನು ಮೊದಲು ಬಂದದ್ದಾಗಲಿ ಅವಳಿಗೆ ನೆನಪೇ ಇರಲಿಲ್ಲ. ಹೇಳದಿದ್ದರೆ ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಹೇಳಿದೆ.

ಅತ್ತೆ ಎದ್ದು ನಿಂತಳು. “ಏನಂದ್ರಿ? ನೋಡ್ದೆ ಬರದ್ರಾ? ನನ್ ಸೊಸೆ ಸತ್ತಿದ್ರೆ? ಓದ್ಕಂಡೋರು ಅಂತ ಮಣೆ ಹಾಕಿದ್ನಲ್ಲೇ, ಮಜ್ಜಿಗೆ ಕೊಟ್ನಲ್ಲೇ!” ಎಂದು ಏಕವಚನಕ್ಕೆ ಇಳಿದಳು. ಬೈಗುಳ ಪೂರ್ತಿ ಕೇಳಿದೆ. ಬೈದು ಬೈದು ದಣಿದು, ಕೊನೆಗೆ ಅವಳೇ ಸಣ್ಣ ದನಿಯಲ್ಲಿ, “ಬಳೆ ತಿರುಗಾಕಿಲ್ಲ ಅಂತ ನಾನೇ ತೋರ್ಸಿದ್ನಲ್ಲ. ಅದು ಕೆಟ್ಟದ್ದು ಅಂತ ನಂಗೇನ್ ಗೊತ್ತು?” ಎಂದಳು.

“ನಂಗೆ ಗೊತ್ತಿತ್ತು ಅಜ್ಜಿ,” ಎಂದೆ.

ಹುಡುಗಿ ಮಗುವನ್ನು ಅತ್ತೆಯ ಮಡಿಲಿಗೆ ದಾಟಿಸಿ, ಎದ್ದು ಬಾಗಿಲು ಮುಂದೆ ಮಾಡಿ ಬಂದು, ತೋಳು ಚಾಚಿದಳು. ಹಳೆಯ ಸಡಿಲ ರವಿಕೆ ಹಾಕಿದ್ದಳು.

“ಈಗ ನೋಡ್ರಿ ಮತ್ತೆ. ಜೋರಾಗಿ ಹೇಳ್ರಿ, ಅತ್ತೆಗೂ ಕೇಳ್ಲಿ.”

ನೂರ ಮೂವತ್ತು, ಎಂಬತ್ತಾರು. ಹೇಳಿದೆ. ಅತ್ತೆ ಅದನ್ನು ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿದಳು.

ಆ ತಿಂಗಳು ಐಮಂಗಲದ ಸುತ್ತ ಒಂದು ವಿಚಿತ್ರ ನಡೆಯಿತು. ಬಸುರಿಯರು ಬಾವಿಕಟ್ಟೆಯಲ್ಲಿ ಅಂಕಿ ಹೋಲಿಸತೊಡಗಿದರು. “ನಿಂದೆಷ್ಟೇ?” “ನೂರ ಹತ್ತು.” “ಅಷ್ಟೇನಾ? ನಂದು ನೂರ ಇಪ್ಪತ್ತೆಂಟು ಐತೆ.” “ಜಾಸ್ತಿ ಆದ್ರೆ ಒಳ್ಳೇದಲ್ಲ ಕಣೇ, ಮೆರೀಬೇಡ, ನರ್ಸಮ್ಮ ಹೇಳವ್ಳೆ.” ಅತ್ತೆಯಂದಿರು ಸೊಸೆಯರ ಬಳೆ ತಿರುಗಿಸಿ ನೋಡತೊಡಗಿದರು. ಬಳೆ ಸಿಕ್ಕಿಕೊಂಡಿದೆ ಎಂದು ಒಂದು ಮನೆಯವರು ನಾನು ಹೋಗುವ ಮೊದಲೇ ಹುಡುಗಿಯನ್ನು ಗಾಡಿಯಲ್ಲಿ ಕರೆತಂದರು. ಬಳೆ ಅಳತೆಗಿಂತ ಚಿಕ್ಕದಿತ್ತು, ಅಷ್ಟೇ. ಆದರೂ ಮೇಡಂಗೆ ಹೇಳಿದಾಗ ಅವರು ಗಟ್ಟಿಯಾಗಿ ನಕ್ಕರು. ವರಾಂಡದ ಆ ದಿನದ ನಂತರ ನನ್ನೆದುರು ಅವರು ನಕ್ಕದ್ದು ಅದೇ ಮೊದಲು.

ಅಧಿಕಾರಿಗಳು ಹೇಳದೆ ಕೇಳದೆ ಒಂದು ಬೆಳಿಗ್ಗೆ ಹಟ್ಟಿಗೆ ಹೋದರು. ಮೇಡಂ ಅವರನ್ನೂ ನನ್ನನ್ನೂ ದಾರಿಯಲ್ಲಿ ಜೀಪಿಗೆ ಹತ್ತಿಸಿಕೊಂಡರು, ಮಾತಾಡಬಾರದು ಎಂಬ ಕರಾರಿನ ಮೇಲೆ. ಪುಸ್ತಕ ಅವರ ಕೈಯಲ್ಲಿತ್ತು. ಅತ್ತೆ ಅಂಗಳದಲ್ಲಿ ಮೊಮ್ಮಗಳನ್ನು ಕಾಲ ಮೇಲೆ ಹಾಕಿ ಎಣ್ಣೆ ತಿಕ್ಕುತ್ತಿದ್ದಳು.

“ಏನಮ್ಮ, ನಿನ್ನ ಸೊಸೆಯ ಬಿ.ಪಿ. ಎಷ್ಟು ಅಂತ ಗೊತ್ತಾ?”

“ಯಾವತ್ತಿಂದು ಹೇಳ್ಲಿ?” ಎಂದಳು ಅವಳು, ತಲೆ ಎತ್ತದೆ. “ಮೊನ್ನೆದು ನೂರ ಇಪ್ಪತ್ತೆರಡು, ಎಂಬತ್ತು. ಅದಕ್ ಹಿಂದಿಂದು ನೂರ ಮೂವತ್ತು, ಎಂಬತ್ತಾರು. ಅದಕ್ಕೂ ಮುಂಚೆ ಒಂದ್ಸಲ ಆ ನರ್ಸಮ್ಮ ಸುಳ್ ಬರ್ದಿದ್ಲು, ಅದನ್ನ ಬಿಡ್ರಿ.” ಆಮೇಲೆ ಅವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ನಿಮ್ದೆಷ್ಟೈತೆ ಸಾಮಿ?”

“ನಂದಾ? ನೋಡಿಲ್ಲಮ್ಮ.”

“ನೋಡಿಸ್ಕಳ್ರಿ. ಮುಖ ಊದ್ಕಂಡೈತೆ.”

ಅವರು ಪುಸ್ತಕ ಮುಚ್ಚಿ ಬೇರೆ ಕಡೆ ತಿರುಗಿದರು. ನಗುವಿಗೆ ಭುಜ ಅಲ್ಲಾಡುತ್ತಿತ್ತು. ಚಿತ್ರದುರ್ಗದಲ್ಲಿ ಇಳಿಯುವಾಗ ಮೇಡಂಗೆ, “ನಡುವಿನ ಕಂಬ ಇರಲಿ,” ಎಂದಷ್ಟೇ ಹೇಳಿದರು.

ವಾರದಲ್ಲಿ ಆದೇಶ ಬಂತು. ಮೂರೇ ಸಾಲು. ತರಬೇತಿ ಮುಗಿಸಿದ ನರ್ಸುಗಳು, ಡಾಕ್ಟರು ಇಲ್ಲದ ಕಡೆ, ಬಸುರಿಯ ಫಿಟ್ಸಿಗೂ ಹೆರಿಗೆಯ ರಕ್ತಸ್ರಾವಕ್ಕೂ ಮೊದಲ ಮದ್ದನ್ನು ತಮ್ಮ ತೀರ್ಮಾನದ ಮೇಲೆ ಕೊಟ್ಟು ಮುಂದಕ್ಕೆ ಕಳಿಸಬಹುದು. ತರಬೇತಿ ಮುಂದುವರಿಯಬಹುದು. ಜೊತೆಗಿದ್ದ ಪಟ್ಟಿಯಲ್ಲಿ ಐದು ಹೆಸರಿದ್ದವು. ನನ್ನದಿರಲಿಲ್ಲ. ಅದು ಅಧಿಕಾರಿಗಳ ತೀರ್ಮಾನವಲ್ಲ, ಮೇಡಂ ತಾವೇ ಬಿಟ್ಟಿದ್ದರು. ನನ್ನನ್ನು ಕರೆದು, ಮುಂದಿನ ತಂಡದ ಜೊತೆ ಮೊದಲಿನಿಂದ ಕೂರುತ್ತೀಯಾ ಎಂದು ಕೇಳಿದರು. ಕೂರುತ್ತೇನೆ ಎಂದೆ. ಕೂತೆ. ಬಳೆಯ ಪಾಠವನ್ನು ಎರಡನೆಯ ಸಲ ಕೇಳಿದೆ. ಆ ಸಲ ಅದರ ಕೊನೆಗೆ ಅವರು ಇನ್ನೊಂದು ಮಾತು ಸೇರಿಸಿದ್ದರು: ಅತ್ತೆಯರು ಖುಷಿಯಿಂದ ತೋರಿಸುವುದನ್ನೇ ಎರಡು ಸಲ ನೋಡಿ.

ಮರುವರ್ಷ ನನ್ನನ್ನು ಹೊಸದುರ್ಗ ತಾಲ್ಲೂಕಿಗೆ ಹಾಕಿದರು. ಒಂದು ಮಧ್ಯಾಹ್ನ ತೆಂಗಿನ ತೋಟದ ಮನೆಯೊಂದಕ್ಕೆ ಹೋದಾಗ, ಬಸುರಿಯೊಬ್ಬಳು ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಬಳೆ ತಿರುಗಲಿಲ್ಲ. ಡಾಕ್ಟರು ಊರಲ್ಲಿರಲಿಲ್ಲ. ಮದ್ದಿನ ಸೀಸೆ ನನ್ನ ಚೀಲದಲ್ಲಿತ್ತು, ಆದೇಶದ ಪ್ರತಿಯೂ ಇತ್ತು. ಪಟ್ಟಿ ಸುತ್ತಿ ಗಾಳಿ ಹಾಕಿದೆ. ಪಾದರಸ ನಿಂತ ಜಾಗವನ್ನು ನೋಡಿದೆ, ಮತ್ತೊಮ್ಮೆ ನೋಡಿದೆ.

ಅಂಕಿಯನ್ನು ಮೊದಲು ಅವಳಿಗೆ ಹೇಳಿದೆ. ಅವಳು ತಿರುಗಿ ಹೇಳಿದಳು. ಆಮೇಲೆ ಬರೆದೆ.